ಎರಡನೇ ಕ್ಲಿಪ್

ಬೇರೆಯವರ ಮನೆಯ ನೋವನ್ನು ಹೀಗೆ ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ.

ಆಸ್ಪತ್ರೆಯ ಮೆಟ್ಟಿಲವರೆಗೆ ಬಂದ ಜಯಕುಮಾರ್ ಮತ್ತೆ ಗೇಟಿನತ್ತ ತಿರುಗಿದ. ಆಮೇಲೆ ಮನಸ್ಸು ಗಟ್ಟಿಮಾಡಿ ಒಳಗೆ ಹೋದ. ಗೋಪಾಳದ ಷಡಕ್ಷರಪ್ಪ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಭದ್ರಾ ಹಿನ್ನೀರಿನ ನಡುವೆ ಗಾಳಿ ನಿಂತಾಗ ಅವರು ತಮ್ಮ ಹಾಯಿದೋಣಿಯ ಇಂಜಿನ್ ಸ್ಟಾರ್ಟ್ ಮಾಡಿದ್ದರು. ಸೈಲೆನ್ಸರ್ ಪೈಪು ಜಾಯಿಂಟಿನಲ್ಲಿ ಕಳಚಿ, ಹೊಗೆಯೆಲ್ಲ ದೋಣಿಯ ಪುಟ್ಟ ಕೋಣೆಯೊಳಗೆ ತುಂಬಿತ್ತು. ಏನಾಯಿತೆಂದು ಬಗ್ಗಿ ನೋಡಿದವರು ಅಲ್ಲೇ ಕುಸಿದಿದ್ದರು. ಮೀನು ಹಿಡಿಯುವವರು ಕಂಡು ದಡಕ್ಕೆ ತಂದಿದ್ದರು.

ಆ ಜಾಯಿಂಟ್ ಮಾಡಿದವನು ಜಯಕುಮಾರ್. ಭದ್ರಾವತಿಯ ನ್ಯೂ ಟೌನಿನಲ್ಲಿ ಅವನದೊಂದು ಸಣ್ಣ ವರ್ಕ್‌ಶಾಪ್. ಸೈಲೆನ್ಸರಿನ ತುಕ್ಕು ತಿಂದ ಬೆಂಡ್ ಪೈಪ್ ತೆಗೆದು ಹೊಸದು ಕೂರಿಸಿದ್ದ. ಇಂಜಿನ್ ತಣಿಸಿದ ನೀರು ಹೊಗೆಯ ಜೊತೆ ಹೊರಹೋಗುವ ರಬ್ಬರ್ ಪೈಪನ್ನು ಅದಕ್ಕೆ ಸಿಕ್ಕಿಸಿದ್ದ. ಅಲ್ಲಿ ಎರಡು ಕ್ಲಿಪ್ ಬಿಗಿಯಬೇಕು. ಕೈಯಲ್ಲಿದ್ದದ್ದು ಒಂದೇ.

"ಪೂಜೆ ಹೊತ್ತು ಮೀರುತ್ತೆ ಮಾರಾಯ, ಮುಗಿಸು!" ಎಂದಿದ್ದರು ಷಡಕ್ಷರಪ್ಪ.

ಓಡಿಸಿ ನೋಡಿದಾಗ ಒಂದು ಹನಿಯೂ ಸೋರಲಿಲ್ಲ. ಇನ್ನೊಂದು ಕ್ಲಿಪ್ ಆಮೇಲೆ ಹಾಕಿದರಾಯಿತು ಎಂದುಕೊಂಡ. ಇಂಜಿನ್ ಆರಿಸಿದ ಮೇಲೆ ಅವರ ಹೆಂಡತಿ ಕಾಶಮ್ಮ ಹರಿವಾಣ ಹಿಡಿದು ಬಂದರು. ಹರಿವಾಣದಲ್ಲಿ ಹೂವು, ಕರ್ಪೂರ, ನಿಂಬೆಹಣ್ಣು.

"ಕಾರಿನ ಪೂಜೆ ಅಂದ್ಕೊಂಡ್ಯಾ? ಇದಕ್ಕೆ ಚಕ್ರ ಎಲ್ಲಿದೆ ಮಾರಾಯ್ತಿ?" ಷಡಕ್ಷರಪ್ಪ ಹೊಟ್ಟೆ ಹಿಡಿದು ನಕ್ಕರು. ಕಾಶಮ್ಮ ನಗಲಿಲ್ಲ. ದೋಣಿಯ ಹಿಂಭಾಗಕ್ಕೂ ಆರತಿ ಬೆಳಗಿ ಬಂದರು. ಷಡಕ್ಷರಪ್ಪ ಹಾಯಿ ಬಿಚ್ಚಿ ಹೊರಟೇಬಿಟ್ಟರು.

ಈಗ ಕಾಶಮ್ಮ ಮಂಚದ ಪಕ್ಕ ಕೂತಿದ್ದರು.

"ಅಮ್ಮಾ, ತಪ್ಪು ನಂದು," ಎಂದ ಜಯಕುಮಾರ್. "ಎರಡು ಕ್ಲಿಪ್ ಹಾಕ್ಬೇಕಿತ್ತು. ಒಂದೇ ಹಾಕ್ದೆ."

ಕಾಶಮ್ಮ ಥಟ್ಟನೆ ತಲೆಯೆತ್ತಿದರು. "ಅದಕ್ಕೇ ಕಳಚಿದ್ದಾ? ಬೇರೇನೂ ಕಾರಣ ಇಲ್ವಾ?"

ಬೈಯುವ ಮುನ್ನ ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ ಎಂದು ಅವನಿಗನಿಸಿತು. "ಅದಕ್ಕೇ ಅಮ್ಮಾ."

"ದೇವರಾಣೆಗೂ?"

"ದೇವರಾಣೆಗೂ."

ಕಾಶಮ್ಮ ಬೈಯಲಿಲ್ಲ. ನಿನ್ನೆಯಿಂದ ನೀರೂ ಮುಟ್ಟದಿದ್ದವರು, ಆರಿದ ಇಡ್ಲಿಯ ತಟ್ಟೆ ಎಳೆದುಕೊಂಡು ಗಬಗಬನೆ ತಿನ್ನತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಹೋಗ್ಲಿ ಬಿಡಪ್ಪ. ಆ ಇಂಜಿನ್ ಬಿಚ್ಚೋಕೆ ಹೋಗ್ಬೇಡ. ಹಂಗೇ ಗುಜರಿಗೆ ಹಾಕು."

ಕಪಾಳಕ್ಕೆ ಹೊಡೆದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಆದರೂ ಮನಸ್ಸು ಕೇಳದೆ ದೋಣಿಯ ಹತ್ತಿರ ಹೋದ. ಕ್ಲಿಪ್ ಮುರಿದಿರಲಿಲ್ಲ, ಸಡಿಲವೂ ಆಗಿರಲಿಲ್ಲ. ಪೈಪೇ ಅದರಡಿಯಿಂದ ಜಾರಿಬಂದಿತ್ತು, ಒಳಗಿಂದ ಯಾರೋ ಒದ್ದ ಹಾಗೆ. ದೋಣಿಯ ಹಿಂಭಾಗದಲ್ಲಿ ಹೊಗೆ ಹೊರಬರುವ ತೂತಿತ್ತು. ಪೈಪಿನೊಳಗೆ ಸರಳು ತೂರಿಸಿ ಆ ತೂತಿನತ್ತ ನೂಕಿದ. ಏನೋ ಅಡ್ಡ ಸಿಕ್ಕಿತು. ಬಲವಾಗಿ ತಳ್ಳಿದ.

ಹೊರಗೆ ಉರುಳಿಬಿದ್ದದ್ದು ಬೆಂದು ಕಪ್ಪಾದ ನಿಂಬೆಹಣ್ಣು. ಒಂದು ಬದಿಯಲ್ಲಿ ಕುಂಕುಮ ಇನ್ನೂ ಅಂಟಿತ್ತು.

ಜಯಕುಮಾರ್ ಅದನ್ನು ಹಿನ್ನೀರಿಗೆ ಎಸೆದ. ಎರಡನೇ ಕ್ಲಿಪ್ ಇದ್ದಿದ್ದರೆ ಮೊದಲು ಸಿಡಿಯುತ್ತಿದ್ದದ್ದು ಪೈಪೋ, ಹಣ್ಣೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.