ರಸ್ತೆ ದಾಟಿದ ಶಾಲೆ

"ಮೇಡಂ, ಬೆಂಚು ಹೊತ್ಕೊಂಡು ಬರ್ತಿದ್ದಾರೆ! ಇಡೀ ಶಾಲೆಗೆ ಶಾಲೆನೇ ಬರ್ತಿದೆ!" ಜವಾನ ಏದುಸಿರು ಬಿಡುತ್ತ ನುಗ್ಗಿದ.

ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಕಿಟಕಿಗೆ ಓಡಿದಳು. ಎದುರು ಶಾಲೆಯ ಹುಡುಗರು ಕೇಕೆ ಹಾಕುತ್ತ, ಬೆಂಚುಗಳ ಎರಡೂ ತುದಿ ಹಿಡಿದು ರಸ್ತೆ ದಾಟುತ್ತಿದ್ದರು. ಬಸ್ಸುಗಳು ಹಾರ್ನ್ ಹೊಡೆಯುವುದನ್ನೂ ಮರೆತು ನಿಂತಿದ್ದವು. ಎಲ್ಲರಿಗಿಂತ ಮುಂದೆ, ಬೆನ್ನ ಮೇಲೆ ಕರಿಹಲಗೆ ಹೊತ್ತು ಬರುತ್ತಿದ್ದವನು ಆ ಶಾಲೆಯ ಹೆಡ್‌ಮಾಸ್ಟರು, ಅವಳ ಒಡಹುಟ್ಟಿದ ಅಣ್ಣ. ಅಪ್ಪ ಕಟ್ಟಿದ ಶಾಲೆಯನ್ನು ಇಬ್ಬರೂ ಕಿತ್ತಾಡಿ ಎರಡು ಮಾಡಿಕೊಂಡ ಮೇಲೆ ಅವನು ಈ ಗೇಟು ತುಳಿದಿರಲಿಲ್ಲ.

ಒಂದು ರಸ್ತೆಯಲ್ಲಿ ಒಂದೇ ಶಾಲೆಗೆ ಅನುದಾನ ಎಂದು ಸರ್ಕಾರ ಹೇಳಿಬಿಟ್ಟಿತ್ತು. ಒಬ್ಬರು ಸೋತು ತಮ್ಮ ಶಾಲೆಯನ್ನು ಇನ್ನೊಂದರಲ್ಲಿ ಸೇರಿಸದಿದ್ದರೆ ಎರಡಕ್ಕೂ ಅನುದಾನವಿಲ್ಲ, ಎರಡೂ ಕಡೆಯ ಮೇಷ್ಟರುಗಳ ಸಂಬಳ ನಿಲ್ಲುತ್ತಿತ್ತು. ಅಣ್ಣ ಸೋಲುತ್ತಾನೆಂದು ತಂಗಿ ಕನಸಿನಲ್ಲೂ ಎಣಿಸಿರಲಿಲ್ಲ.

"ಜಾಗ ಇದೆಯೇನೇ?" ಅಣ್ಣ ಗೇಟಿನಿಂದಲೇ ಕೂಗಿದ.

"ಇಲ್ಲ. ಬಾ ಒಳಗೆ!"

"ಹೆಡ್‌ಮಾಸ್ಟರ ಕುರ್ಚಿ ಒಂದೇ ಅಂತೆ. ಅದು ನಿನಗೇ ಇರಲಿ. ನನಗೆ ಏಳನೇ ಕ್ಲಾಸಿನ ಲೆಕ್ಕ ಕೊಡು ಸಾಕು. ಬರೀ ಸಹಿ ಹಾಕಿ ಹಾಕಿ ಪಾಠನೇ ಮರೆತುಹೋಗಿದೆ."

ತಂಗಿ ಓಡಿಬಂದು ಗೇಟು ಅಗಲವಾಗಿ ತೆರೆದಳು. "ನಿನ್ನ ಹತ್ರ ಲೆಕ್ಕ ಹೇಳಿಸ್ಕೊಂಡೇ ಕಣೋ ನಾನು ಫೇಲಾಗಿದ್ದು!"

ಅಣ್ಣ ಕರಿಹಲಗೆ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ. ಪ್ರಯೋಗಾಲಯದ ಮೇಜುಗಳು ಅಂಗಳಕ್ಕೆ ಹೋದವು. ಇಬ್ಬರು ಕೂರುವ ಬೆಂಚಿನಲ್ಲಿ ನಾಲ್ವರು ಕುಳಿತರು. ವರಾಂಡದಲ್ಲಿ ಐದನೇ ಕ್ಲಾಸು, ಆರನೇ ಕ್ಲಾಸು ಬೆನ್ನಿಗೆ ಬೆನ್ನು ಕೊಟ್ಟುಕೊಂಡವು. ಈಚೆ ಮೇಷ್ಟರು ಮಗ್ಗಿ ಹೇಳಿಸಿದರೆ ಆಚೆಯ ಪದ್ಯ ಕೇಳಿಸದು. ಅವರು ದನಿ ಏರಿಸಿದರೆ ಇವರೂ ಏರಿಸಬೇಕು. ಆದರೂ ಒಬ್ಬ ಮೇಷ್ಟರೂ ಕೆಲಸ ಕಳೆದುಕೊಳ್ಳಲಿಲ್ಲ. ಸ್ಟಾಫ್ ರೂಮಿನಲ್ಲಿ ಹಬ್ಬದ ಕಳೆ.

ಮಧ್ಯಾಹ್ನ ಶಿಕ್ಷಣಾಧಿಕಾರಿಯ ಫೋನು ಬಂತು.

"ಭೇಷ್ ಮೇಡಂ! ಒಂದೇ ಕಟ್ಟಡದಲ್ಲಿ ಎರಡು ಶಾಲೆ! ಎಷ್ಟೊಂದು ಉಳಿತಾಯ ನೋಡಿ! ಮುಂದಿನ ವರ್ಷ ಅನುದಾನ ಇನ್ನೂ ಸ್ವಲ್ಪ ಕಡಿಮೆ ಮಾಡಿದ್ರೂ ನೀವು ನಿಭಾಯಿಸ್ತೀರಿ ಬಿಡಿ."

ತಂಗಿಯ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಅಣ್ಣ ಫೋನು ಕಸಿದುಕೊಂಡು ವರಾಂಡಕ್ಕೆ ಬಂದು, ಎರಡು ಕ್ಲಾಸುಗಳ ನಡುವೆ ಎತ್ತಿ ಹಿಡಿದ.

"ಅಬ್ಬಬ್ಬಾ! ಏನ್ರೀ ಅದು ಗದ್ದಲ?" ಅಧಿಕಾರಿ ಅರಚಿದರು. "ಏನೂ ಕೇಳಿಸ್ತಾ ಇಲ್ಲ!"

"ಉಳಿತಾಯ ಸಾರ್," ಎಂದ ಅಣ್ಣ. "ಮಕ್ಕಳಿಗೂ ಏನೂ ಕೇಳಿಸ್ತಾ ಇಲ್ಲ."