ಚಿತ್ರದಲ್ಲಿ ಏನಿದೆ

ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಆಫೀಸಿನ ವೆಬ್‌ಸೈಟ್‌ನ ಹೊಸ ಪುಟಗಳನ್ನು ಸಿದ್ಧಗೊಳಿಸುವ ಬಿಲ್ಡ್ ಮತ್ತೆ ಅರ್ಧಕ್ಕೇ ನಿಂತುಹೋಯಿತು.

"ಫೋಟೊ ಚೆಕ್ ಮಾಡೋ ಈ ಪ್ಲಗಿನ್ನೇ ಕೆಟ್ಟಿದೆ ಮೇಡಂ, ಕಿತ್ತುಹಾಕ್ಲಾ?" ಎಂದ ಹೊಸದಾಗಿ ಸೇರಿದ ಶ್ರೀವತ್ಸ.

"ಕೆಟ್ಟಿಲ್ಲ," ಎಂದಳು ವೈದೇಹಿ. "ಫೋಟೊದಲ್ಲಿ ಏನಿದೆ ಅಂತ ಬರೀದಿದ್ರೆ ಅದು ಮುಂದಕ್ಕೆ ಬಿಡಲ್ಲ. ಕಣ್ಣು ಕಾಣದವರಿಗೂ ಗೊತ್ತಾಗ್ಬೇಕಲ್ಲ? ಅದಕ್ಕೇ ನಮ್ಮನೆಯವರು ಇದೇ ಆಫೀಸಲ್ಲಿದ್ದಾಗ ಇದನ್ನ ಮಾಡಿದ್ದು. ಅವರಿಗೂ ಕಣ್ಣು ಕಾಣಲ್ಲ."

"ನೀವು ಹಾಕಿರೋ ಒಂದು ಫೋಟೊ ತಾನೇ ಬಾಕಿ? ಎರಡು ಮಾತು ಬರೆದುಬಿಡಿ ಮೇಡಂ."

ಹನ್ನೆರಡು ವರ್ಷ ಗಂಡನಿಗೆ ಒಂದೊಂದು ಚಿತ್ರವನ್ನೂ ಬಾಯಲ್ಲೇ ಬಣ್ಣಿಸಿ ತೋರಿಸಿದವಳಿಗೆ ಇಂದು ಬೆರಳೇ ಏಳಲಿಲ್ಲ. ಕೊನೆಗೂ ಟೈಪ್ ಮಾಡಿದಳು:

"ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿರುವ ನನ್ನ ಗಂಡ. ಫೋಟೊಗೆ ಸುಗಂಧರಾಜದ ಹಾರ ಹಾಕಿದೆ, ಮುಂದೆ ದೀಪ ಉರಿಯುತ್ತಿದೆ."