ಸಂಜೆ ವಿಮಾನದ ಮನೆ

೨೦೨೪ನೇ ನವೆಂಬರ್ ೧೭, ಭಾನುವಾರ, ಸಂಜೆ ೫ ಗಂಟೆ ೧೦ ನಿಮಿಷ. ಮನೆ ಬ್ರೋಕರ್ ಮಹಾದೇವಸ್ವಾಮಿ ಮತ್ತೆ ಗಡಿಯಾರ ನೋಡಿಕೊಂಡ. ಇನ್ನು ಕಾಲು ಗಂಟೆಯೊಳಗೆ ಈ ಗಂಡ ಹೆಂಡಿರನ್ನು ಇಲ್ಲಿಂದ ಹೊರಡಿಸದಿದ್ದರೆ ಈ ಬಾಡಿಗೆಯೂ ಕುದುರುವುದಿಲ್ಲ.

ಮನೆಯಲ್ಲಿ ದೋಷವಿರಲಿಲ್ಲ. ಮುಂದೆ ಒಂದು ಕೋಣೆ, ನಡುವೆ ಹಾಲ್, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಸುತ್ತ ಕಲ್ಲು ನೆಟ್ಟ ಖಾಲಿ ಸೈಟುಗಳು. ದೋಷ ಆಕಾಶದಲ್ಲಿತ್ತು. ಮಂಡಕಳ್ಳಿ ವಿಮಾನ ನಿಲ್ದಾಣದ ಬೇಲಿ ಕೂಗಳತೆಯಲ್ಲೇ ಇತ್ತು. ಸಂಜೆಯ ವಿಮಾನ ಇಳಿಯುವಾಗ ಈ ತಾರಸಿಯ ಮೇಲೆಯೇ ಹಾಯುತ್ತಿತ್ತು. ಹಿಂದಿನ ಬಾಡಿಗೆದಾರ ಎರಡೇ ತಿಂಗಳಿಗೆ ಖಾಲಿ ಮಾಡಿದ್ದ.

"ನೋಡಿದ್ದಾಯ್ತಲ್ಲ ಸಾ. ಕತ್ಲಾಗೋದ್ರೊಳಗೆ ನಂಜನಗೂಡು ಸೇರ್ಕಬೋದು."

ನಾಗೇಂದ್ರ ಕದಲಲಿಲ್ಲ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಸದ್ದು ಅಳೆಯುವುದು ಅವನ ಕೆಲಸ. ಅದೇ ಡೆಸಿಬೆಲ್ ಮೀಟರನ್ನು ಹಿಡಿದು ಬಂದಿದ್ದ. ಮುಂದಿನ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಕುಳಿತು, "ಅವ್ವನ ಮಂಚ ಇಲ್ಲಿಗೆ ಬರುತ್ತೆ," ಎಂದ. ಹೆಂಡತಿ ನಯನ ತಲೆಯಾಡಿಸಿದಳು. ಹಿಂದಕ್ಕೆ ಹೋಗಿ ಬಚ್ಚಲಿನ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ನೋಡಿಕೊಂಡು ಬಂದಳು.

ನಾಗೇಂದ್ರನ ತಾಯಿ ಚಿಕ್ಕತಾಯಮ್ಮನವರಿಗೆ ಹೃದಯದ ಕಾಯಿಲೆ. ಜೂನ್‌ನಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದವರು. ಮನಸ್ಸಿಗೆ ಆಘಾತವಾಗುವಂಥದ್ದು ಏನೂ ಆಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಕಿವಿ ಮಾತ್ರ ಚುರುಕು. ಬೀದಿ ನಲ್ಲಿಗೆ ನೀರು ಬಂದದ್ದನ್ನು ಮಂಚದಲ್ಲಿ ಮಲಗಿಕೊಂಡೇ ಹೇಳುತ್ತಿದ್ದರು. ಇದೆಲ್ಲ ಮಹಾದೇವಸ್ವಾಮಿಗೆ ಗೊತ್ತಿತ್ತು. ಅದಕ್ಕೇ ವಿಮಾನದ ಮಾತೆತ್ತಿರಲಿಲ್ಲ.

ಅವನಿಗೆ ಅರ್ಥವಾಗದ್ದು ಬೇರೆ. ಕಪಿಲೆಯ ದಡದಲ್ಲಿ ಎಲೆ ಉದುರಿದರೂ ಕೇಳಿಸುವಂಥ ಮನೆ ತೋರಿಸಿದ್ದ. ನಯನ ಹೊಸ್ತಿಲನ್ನೂ ದಾಟಿರಲಿಲ್ಲ. ತಾಂಡವಪುರದಲ್ಲಿ ಬಸ್ಸು ಓಡಾಡುವ ರಸ್ತೆಯ ಮೇಲಿನ ಮನೆ ತೋರಿಸಿದರೆ, ಅಕ್ಕಪಕ್ಕದ ಗೋಡೆ ತೀರಾ ಹತ್ತಿರವಾಯಿತು ಎಂದಿದ್ದರು.

"ಸದ್ದಿದ್ರೂ ಬ್ಯಾಡ, ಸದ್ದಿಲ್ದಿದ್ರೂ ಬ್ಯಾಡ," ಎಂದ. "ನಿಮ್ ಮೀಟ್ರಿಗೆ ಒಪ್ಪೋ ಮನೆನ ಆ ನಂಜುಂಡಪ್ಪನೇ ಕಟ್ಟಿಸ್ಬೇಕು ಸಾ."

ಅಷ್ಟರಲ್ಲಿ ನಾಗೇಂದ್ರನಿಗೆ ಫೋನು ಬಂತು. ಚಿಕ್ಕತಾಯಮ್ಮನವರ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು.

"ಮನೆ ಸಿಕ್ತೇನ್ಲಾ? ಧನುಗೆ ಏಳ್ದಾ?"

"ಹೇಳ್ತೀನಿ ಕಣವ್ವ. ಅವಳಿಗೆ ಪರೀಕ್ಷೆ."

"ಅದೇನ್ ಆಸ್ಟಲ್ಲೋ, ದೀಪಾವಳಿಗೂ ಬುಡ್ನಿಲ್ಲ. ಒಸ ಮನೇಲಿ ನನ್ ಮೊಮ್ಮಗ್ಳು ಓದ್ಕಳಕೆ ಒಂದ್ ಮೂಲೆ ಮಡಗು. ನಯನನ ಕೈಗೆ ಕೊಡು ಒಸಿ."

ನಯನ ಫೋನು ತೆಗೆದುಕೊಂಡಳು. "ಮಾತ್ರೆ ತಕೊಂಡ್ರಾ ಅತ್ತೆ? ಮೂಲೆ ಯಾಕೆ, ಕಿಟಕಿ ಪಕ್ಕದ ಜಾಗನೇ ಅವಳಿಗೆ," ಎಂದು ನಕ್ಕಳು. ಫೋನಿಟ್ಟ ಮೇಲೂ ಆ ನಗು ಮುಖದಿಂದ ಬೇಗ ಇಳಿಯಲಿಲ್ಲ, ಕಳಚಲು ಮರೆತ ಒಡವೆಯ ಹಾಗೆ.

"ಒಳ್ಳೆ ಅತ್ತೆ ಸೊಸೆ ಸಾ," ಎಂದ ಮಹಾದೇವಸ್ವಾಮಿ. "ನಮ್ಮನೇರಿಬ್ರು ಮಾತಾಡುದ್ರೆ ನಿಮ್ ಮೀಟ್ರು ಒಡ್ದೋಯ್ತದೆ."

ನಾಗೇಂದ್ರ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿದ. "ಸ್ವಾಮಿಯವ್ರೇ, ವಿಮಾನ ಬರೋ ಹೊತ್ತಾಯ್ತು. ಒಸಿ ಗೇಟಿನ ಹತ್ರ ನಿಂತಿರಿ."

ಅಂದರೆ ಗೊತ್ತಿದ್ದೇ ಬಂದಿದ್ದಾರೆ. ಸುಳ್ಳು ಸಿಕ್ಕಿಬಿದ್ದವನಂತೆ ಮಹಾದೇವಸ್ವಾಮಿ ಹೊರಗೆ ನಡೆದ. ನಯನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸದ್ದು ಮೊದಲು ಬೇಲಿಯ ಕಡೆಯಿಂದ ಗುಂಯ್ಗುಟ್ಟಿತು. ಆಮೇಲೆ ವಿಮಾನ ಬಂತು, ಹೊಟ್ಟೆಯ ಚಕ್ರಗಳನ್ನು ಎಣಿಸುವಷ್ಟು ಕೆಳಗೆ. ಗೇಟು ಕೈಯಲ್ಲೇ ನಡುಗಿತು. ಮಹಾದೇವಸ್ವಾಮಿ ಕಿಟಕಿಯ ಗಾಜಿನಿಂದ ಒಳಗೆ ನೋಡಿದ. ಮೀಟರು ನೆಲದ ಮೇಲೆ ಬಿದ್ದಿತ್ತು. ನಾಗೇಂದ್ರ ಅದನ್ನು ನೋಡುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಹಿತ್ತಿಲ ಕಡೆಗೆ ತಿರುಗಿಸಿ, ಕೈಗಡಿಯಾರದ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಅದೇ ಮೂಲೆಯಲ್ಲಿ ಕುಳಿತಿದ್ದ.

ಸದ್ದು ಅಡಗಿದ ಮೇಲೆ ಬ್ರೋಕರು ಒಳಗೆ ಬಂದ. "ಇಷ್ಟು ಕೆಳಿಕ್ ಬರೋದು ದಿನಕ್ಕೊಂದೇ ಸಾ."

"ದಿನಾ ತಪ್ಪದೆ ಬರುತ್ತಾ?"

"ಮೋಡ ಗೀಡ ಇದ್ರೆ ಒಂದೊಂದಿನ ಬರಾಕಿಲ್ಲ. ಅವತ್ತು ಆರಾಮ."

ನಯನ ಬಚ್ಚಲಿಂದ ಬಂದು ನಿಂತಿದ್ದಳು. ಮುಖ ತೊಳೆದಿದ್ದಳು, ಕಣ್ಣು ಕೆಂಪಗಿತ್ತು. "ಬರದೇ ಇರೋದೂ ಉಂಟಾ?" ಎಂದು ಕೇಳಿದಳು.

"ಉಂಟು ಮೇಡಂ, ಉಂಟು," ಎಂದು ಅವನು ಆಸೆಯಿಂದ ಹೇಳಿದ. ಅವಳು ತಲೆ ತಗ್ಗಿಸಿದಳು. ಆಮೇಲೆ ಗಂಡನನ್ನು ಮೆಲ್ಲಗೆ ಕೇಳಿದಳು, "ಕೇಳಿಸ್ತಾ?"

"ಇಲ್ಲ."

ಮಹಾದೇವಸ್ವಾಮಿ ಅವನ ಕಿವಿಗಳನ್ನೇ ನೋಡಿದ.

"ಅಡ್ವಾನ್ಸ್ ಇವತ್ತೇ ಕೊಡ್ತೀನಿ," ಎಂದ ನಾಗೇಂದ್ರ. "ಇಲ್ಲಿ ನಮ್ಮನ್ನ ಬಲ್ಲೋರು ಯಾರೂ ಇಲ್ಲ ತಾನೆ?"

"ನಾಯಿನೂ ಇಲ್ಲ. ಆದ್ರೂ ಸಾ..." ಎಷ್ಟೋ ಮನೆ ಕುದುರಿಸಿದ ಬ್ರೋಕರಿಗೆ ಯಾಕೋ ಮನಸ್ಸು ತಡೆಯಲಿಲ್ಲ. "ಅಮ್ಮಾವ್ರಿಗೆ ಆರ್ಟು ಅಂತೀರಿ. ಇನ್ನೊಂದ್ಸಲ ಯೋಚ್ನೆ ಮಾಡಿ."

"ಅತ್ತೆ ವಿಮಾನಕ್ಕೆ ಹೆದರಲ್ಲ," ಎಂದಳು ನಯನ.

ಜೂನ್‌ನಲ್ಲಿ, ಅಜ್ಜಿ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ, ಹನ್ನೊಂದು ವರ್ಷದ ಮಗಳು ಧನುಶ್ರೀ ಡೆಂಗಿ ಜ್ವರದಿಂದ ತೀರಿಕೊಂಡಿದ್ದಳು. ತಿ. ನರಸೀಪುರದಲ್ಲಿ, ನಯನಳ ತವರಿನವರ ಹೊಲದಲ್ಲಿ ಮಣ್ಣು ಮಾಡಿದ್ದರು. ಅಜ್ಜಿಗೆ ಹಾಸ್ಟೆಲ್ ಎಂದು ಹೇಳಿದ್ದರು. ನಂಜನಗೂಡಿನ ಬೀದಿಯಲ್ಲಿ ಯಾರ ಬಾಯಿಂದ ಯಾವಾಗ ನಿಜ ಹೊರಬಿದ್ದೀತೋ ಎಂದು ದಿನವೂ ನಡುಗಿದ್ದರು. ಅಂದಿನಿಂದ ನಯನ ಒಮ್ಮೆಯೂ ದನಿ ತೆಗೆದು ಅತ್ತಿರಲಿಲ್ಲ.

ಇವತ್ತು ಬಚ್ಚಲಲ್ಲಿ ಅವಳು ಬಾಯಿಬಿಟ್ಟು ಅತ್ತಳು; ವಿಮಾನದ ಸದ್ದಿನಲ್ಲಿ ಆ ಅಳು ಮಂಚದ ಜಾಗಕ್ಕೆ ಕೇಳಿಸದೆ ಹೋದದ್ದು ಮೂವತ್ತೊಂದು ಸೆಕೆಂಡು.